ಹ್ವೀ ಪಟ್ಟಣದಲ್ಲಿ ಒಂದು ದಿನ: ಚರ್ಚೋ, ಕೋಟೆಯೋ, ಚೌಕದ ಕಾರಂಜಿಯೋ?

ಲೂವೆನ್, ಬ್ರಸೆಲ್ಸ್, ಐಂಡ್‌ಹೋವನ್ ಕಡೆ ಇರುವ ಕನ್ನಡಿಗರು ಬೆಲ್ಜಿಯಂನ ಫ್ರೆಂಚ್ ಮಾತಾಡುವ ಭಾಗಕ್ಕೆ, ಅಂದರೆ ವಲೋನಿಯಾಕ್ಕೆ, ಒಂದು ದಿನದ ಮಟ್ಟಿಗೆ ಹೊರಟರೆ ಸಾಮಾನ್ಯವಾಗಿ ಹೋಗುವುದು ದಿನಾಂ ಅಥವಾ ನಾಮ್ಯೂರಿಗೆ. ಅದೇ ಮ್ಯೂಸ್ ನದಿಯ ದಂಡೆಯಲ್ಲಿ, ನಾಮ್ಯೂರಿಗೂ ಲಿಯೇಜ್‌ಗೂ ನಡುವೆ, ಸುಮಾರು ಇಪ್ಪತ್ತು ಸಾವಿರ ಜನರ ಹ್ವೀ ಪಟ್ಟಣ ಇದೆ. ರೈಲಿನ ಕಿಟಕಿಯಿಂದ ನೋಡಿದವರಿಗೆ ಕಾಣುವುದು ಒಂದು ದೊಡ್ಡ ಚರ್ಚು, ಅದರ ನೆತ್ತಿಯ ಮೇಲೇ ಕೂತಂತಿರುವ ಬೂದು ಕೋಟೆ, ಆಚೆ ತಿಹಾಂಜ್ ಅಣುಸ್ಥಾವರದ ಶೀತಲಗೋಪುರಗಳು. ಅಷ್ಟು ನೋಡಿ ಮುಂದೆ ಹೋಗಿಬಿಡುವ ಊರಲ್ಲ ಇದು. ನಡೆದೇ ಮುಗಿಸಬಹುದಾದ ಜಾಗದಲ್ಲಿ ಸಾವಿರ ವರ್ಷದ ಕಟ್ಟಡಗಳು, ಕಂಚಿನ ಕೆಲಸ, ಯುದ್ಧದ ನೆನಪು ಎಲ್ಲವೂ ಕಾನೂನಿನ ರಕ್ಷಣೆಯಲ್ಲಿ ಉಳಿದುಕೊಂಡಿವೆ.

ತೊಂದರೆ ಆಗುವುದು ಆಯ್ಕೆಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಇಳಿದು ಸಂಜೆ ಐದಕ್ಕೆ ರೈಲು ಹತ್ತುವವರಿಗೆ ಎಲ್ಲವನ್ನೂ ನೋಡುವಷ್ಟು ಹೊತ್ತು ಸಿಗುವುದಿಲ್ಲ. ಒಂದೊಂದಕ್ಕೂ ಒಂದೊಂದು ಸಮಯ, ಏರುದಾರಿ ಬೇರೆ. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ, ಯಾವುದನ್ನು ಯಾವುದರ ಜೊತೆ ಸೇರಿಸಬಾರದು ಎಂಬುದನ್ನು ಇಲ್ಲಿ ನೋಡೋಣ.

ನಾಲ್ಕು ಅದ್ಭುತಗಳಲ್ಲಿ ಉಳಿದಿರುವುದು ಎರಡೇ

ಊರಿನವರು ವಲೋನ್ ಆಡುಮಾತಿನಲ್ಲಿ ನಾಲ್ಕು ಅದ್ಭುತಗಳ ಹೆಸರು ಹೇಳುತ್ತಾರೆ: ಲಿ ಪಾಂಟಿಯಾ ಎಂದರೆ ಸೇತುವೆ, ಲಿ ರೊಂಡಿಯಾ ಎಂದರೆ ಚರ್ಚಿನ ಗುಂಡು ಕಿಟಕಿ, ಲಿ ಬಸೀನಿಯಾ ಎಂದರೆ ಚೌಕದ ಕಾರಂಜಿ, ಲಿ ಚೆಸ್ಟಿಯಾ ಎಂದರೆ ಗುಡ್ಡದ ಮೇಲಿನ ಹಳೆಯ ದುರ್ಗ. ಪ್ರವಾಸಿ ಕರಪತ್ರಗಳೆಲ್ಲ ಈ ನಾಲ್ಕರ ಸುತ್ತಲೇ ಸುತ್ತುತ್ತವೆ. ಪಟ್ಟಿಯನ್ನು ನಂಬಿ ಹೊರಡುವ ಮೊದಲು ಒಂದು ಮಾತು ತಿಳಿದಿರಲಿ. ಮಧ್ಯಯುಗದ ಕಲ್ಲಿನ ಸೇತುವೆ ಈಗ ಇಲ್ಲ. ಇಪ್ಪತ್ತನೇ ಶತಮಾನದ ಯುದ್ಧಗಳು ಇಲ್ಲಿನ ಸೇತುವೆಯನ್ನು ಉಳಿಸಲಿಲ್ಲ. ನೀವು ದಾಟುವುದು ಎರಡನೇ ಮಹಾಯುದ್ಧದ ನಂತರ ಕಟ್ಟಿದ್ದನ್ನು. ಹಳೆಯ ದುರ್ಗವೂ ಇಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಕಾಲದ ಯುದ್ಧಗಳಲ್ಲಿ ಅದು ಕೈಯಿಂದ ಕೈಗೆ ಹೋಯಿತು. 1703ರಲ್ಲಿ ಇಂಗ್ಲಿಷ್ ಸೇನಾಪತಿ ಮಾರ್ಲ್‌ಬರೋ ಗೆದ್ದ, 1705ರಲ್ಲಿ ಫ್ರೆಂಚರು ವಾಪಸ್ ಕಿತ್ತುಕೊಂಡರು, ಕೊನೆಗೆ 1717ರ ಹೊತ್ತಿಗೆ ಅದು ನೆಲಸಮವಾಯಿತು. ಈಗ ಅಲ್ಲಿ ನಿಂತಿರುವುದು ನೂರು ವರ್ಷ ಕಳೆದ ಮೇಲೆ ಡಚ್ಚರು ಕಟ್ಟಿದ ಬೇರೆಯೇ ಕೋಟೆ.

ಹಾಗಾಗಿ ಮಧ್ಯಯುಗವನ್ನು ಕಣ್ಣಾರೆ ನೋಡಬೇಕೆಂದು ಬಂದವರಿಗೆ ಗುಂಡು ಕಿಟಕಿ ಇರುವ ಚರ್ಚು ಮತ್ತು ಕಾರಂಜಿ, ಇವೆರಡೇ. ಕೋಟೆಗೆ ಬೇರೆ ಕಾರಣಕ್ಕೆ ಹೋಗಬೇಕು. ಸೇತುವೆಗೆಂದು ಪ್ರತ್ಯೇಕ ಹೊತ್ತು ಇಡುವುದೇ ಬೇಡ. ನಿಲ್ದಾಣದಿಂದ ಊರೊಳಗೆ ಬರುವಾಗ ಹೇಗೂ ದಾಟುತ್ತೀರಿ. ನಡುವೆ ಒಂದು ನಿಮಿಷ ನಿಂತು ಚರ್ಚು ಮತ್ತು ಕೋಟೆಯನ್ನು ಒಟ್ಟಿಗೆ ನೋಡಿ. ಇಡೀ ಊರಿನ ಒಳ್ಳೆಯ ನೋಟ ಸಿಗುವುದು ಅಲ್ಲಿಂದಲೇ.

ರಕ್ಷಿತ ಅಂದರೆ ಏನು, ನಿಮಗೆ ಅದರಿಂದ ಏನು

ಬೆಲ್ಜಿಯಂನಲ್ಲಿ ಸ್ಮಾರಕ ಸಂರಕ್ಷಣೆಯ ಮೊದಲ ದೊಡ್ಡ ಕಾನೂನು ಬಂದದ್ದು 1931ರ ಆಗಸ್ಟ್‌ನಲ್ಲಿ. 1980ರ ದಶಕದ ಕೊನೆಯಲ್ಲಿ ಈ ಹೊಣೆ ಪ್ರಾಂತೀಯ ಸರ್ಕಾರಗಳ ಕೈಗೆ ಹೋಯಿತು. ಈಗ ವಲೋನಿಯಾದಲ್ಲಿ ಇದನ್ನು ನೋಡಿಕೊಳ್ಳುವುದು 2018ರಲ್ಲಿ ಹುಟ್ಟಿದ ವಲೋನ್ ಪರಂಪರೆ ಸಂಸ್ಥೆ. ನಿಯಮಗಳೆಲ್ಲ ಪರಂಪರೆ ಸಂಹಿತೆ ಎಂಬ ಒಂದೇ ಕಟ್ಟಿನಲ್ಲಿವೆ. ಅದರ ಈಗಿನ ರೂಪ 2024ರ ಜೂನ್‌ನಿಂದ ಜಾರಿಯಲ್ಲಿದೆ.

ಮೂರು ಹಂತಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಊರು ಸುತ್ತುವಾಗ ಗೊಂದಲ ಇರುವುದಿಲ್ಲ. ಅತಿ ಕೆಳಗಿನದು ದಾಖಲೆಪಟ್ಟಿ: ಗಮನಿಸಬೇಕಾದ ಕಟ್ಟಡ ಎಂದು ಬರೆದಿಟ್ಟುಕೊಂಡಿರುತ್ತಾರೆ, ಅಷ್ಟಕ್ಕೇ ಪೂರ್ತಿ ರಕ್ಷಣೆ ಸಿಕ್ಕಿತು ಎಂದಲ್ಲ. ಅದರ ಮೇಲೆ ಅಧಿಕೃತ ಘೋಷಣೆ: ಇದಾದ ಮೇಲೆ ಮಾಲೀಕ ಅನುಮತಿ ಇಲ್ಲದೆ ಒಂದು ಕಿಟಕಿ ಬದಲಿಸುವಂತಿಲ್ಲ, ಬದಲಿಗೆ ದುರಸ್ತಿಗೆ ಸರ್ಕಾರದ ನೆರವು ಸಿಗುತ್ತದೆ. ಎಲ್ಲಕ್ಕಿಂತ ಮೇಲೆ ಅಸಾಧಾರಣ ಪರಂಪರೆಯ ಕಿರುಪಟ್ಟಿ. ಅದನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ಹ್ವೀಯ ದೊಡ್ಡ ಚರ್ಚು ಆ ಕಿರುಪಟ್ಟಿಯಲ್ಲಿದೆ.

ನಮ್ಮಲ್ಲಿ ಪುರಾತತ್ವ ಇಲಾಖೆಯ ಸ್ಮಾರಕವೆಂದರೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ದೇಶಕ್ಕೆಲ್ಲ ಒಂದೇ ಅಳತೆ. ಇಲ್ಲಿ ಹಾಗಲ್ಲ. ರಕ್ಷಣಾ ವಲಯ ಬೇಕೆನಿಸಿದರೆ ಆ ಸ್ಮಾರಕಕ್ಕೇ ಅಂತ ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ, ನೋಟ ಎಲ್ಲಿಂದ ಮುಖ್ಯವೋ ಅದನ್ನು ನೋಡಿಕೊಂಡು. ಹಳೆಯ ಗೋಡೆಗೆ ಒತ್ತಿಕೊಂಡೇ ಕಾಫಿ ಅಂಗಡಿ ಇರುವುದನ್ನು ಕಂಡರೆ ಕಾನೂನು ಮುರಿದಿದ್ದಾರೆ ಎಂದುಕೊಳ್ಳಬೇಡಿ.

ಕಟ್ಟಡದ ಮೇಲೆ ನೀಲಿ-ಬಿಳಿ ಗುರಾಣಿಯಾಕಾರದ ಫಲಕ ಕಂಡರೆ ಅದು ರಕ್ಷಿತ ಎಂದರ್ಥ. ಯುದ್ಧದ ಹೊತ್ತಿನಲ್ಲಿ ಸಾಂಸ್ಕೃತಿಕ ಸ್ವತ್ತನ್ನು ಉಳಿಸಲು ದೇಶಗಳು ಮಾಡಿಕೊಂಡ 1954ರ ಹೇಗ್ ಒಪ್ಪಂದದಿಂದ ಬಂದ ಗುರುತು ಅದು. ಆದರೆ ಫಲಕ ಇದೆ ಎಂದ ಮಾತ್ರಕ್ಕೆ ಒಳಗೆ ಬಿಡುತ್ತಾರೆ ಎಂದಲ್ಲ. ಹ್ವೀಯ ಹಳೆಯ ಬೀದಿಗಳಲ್ಲಿ ಫಲಕ ಹೊತ್ತ ಎಷ್ಟೋ ಮನೆಗಳಲ್ಲಿ ಜನ ಸಂಸಾರ ಹೂಡಿದ್ದಾರೆ. ಅವುಗಳನ್ನು ಬೀದಿಯಲ್ಲಿ ನಿಂತು ನೋಡಬೇಕು, ಬಾಗಿಲು ತಳ್ಳಬಾರದು. ಒಂದು ನಿರ್ದಿಷ್ಟ ಕಟ್ಟಡದ ಸ್ಥಿತಿ ತಿಳಿಯಬೇಕಿದ್ದರೆ ವಲೋನಿಯಾ ಸರ್ಕಾರದ ವಾಲ್‌ಆನ್‌ಮ್ಯಾಪ್ ಎಂಬ ಉಚಿತ ನಕ್ಷೆಯಲ್ಲಿ ಪರಂಪರೆಯ ಪದರವನ್ನು ತೆರೆದು ನೋಡಬಹುದು.

ಮೊದಲ ಆಯ್ಕೆ: ನೋತ್ರ್-ದಾಮ್ ಚರ್ಚು

ಒಂದನ್ನೇ ನೋಡಲು ಸಾಧ್ಯ ಎಂದರೆ ಇದನ್ನು ನೋಡಿ. ಬಿಷಪ್ಪರ ಪೀಠವಲ್ಲದಿದ್ದರೂ ಪಾದ್ರಿಗಳ ಒಂದು ಮಂಡಳಿಯೇ ಇದ್ದು ನಡೆಸುತ್ತಿದ್ದ ಚರ್ಚು ಇದು. ಅಂಥವನ್ನು ಕೊಲೇಜಿಯಾಲ್ ಎನ್ನುತ್ತಾರೆ. ಈಗಿನ, ಚೂಪು ಕಮಾನಿನ ಗಾಥಿಕ್ ಶೈಲಿಯ ಕಟ್ಟಡದ ಕೆಲಸ 1311ರಲ್ಲಿ ಶುರುವಾಗಿ 16ನೇ ಶತಮಾನದವರೆಗೂ ನಡೆಯಿತು. ಅದಕ್ಕೂ ಮೊದಲು ಇದೇ ಜಾಗದಲ್ಲಿ ಗುಂಡು ಕಮಾನಿನ, ಇನ್ನೂ ಹಳೆಯ ರೊಮನೆಸ್ಕ್ ಶೈಲಿಯ ಚರ್ಚಿತ್ತು, 1066ರದು. ಆ ವರ್ಷಕ್ಕೂ ಊರಿನ ಚರಿತ್ರೆಗೂ ಬಿಡಿಸಲಾಗದ ನಂಟಿದೆ. ಲಿಯೇಜ್ ಸೀಮೆಯ ಆಳರಸನೂ ಬಿಷಪ್ಪನೂ ಆಗಿದ್ದ ರಾಜ-ಬಿಷಪ್ ತೆಯೊದ್ವಾನನಿಗೆ ಚರ್ಚು ಕಟ್ಟಲು ಹಣ ಬೇಕಿತ್ತು. ಊರಿನ ವರ್ತಕರು ತಮ್ಮ ಚರಾಸ್ತಿಯಲ್ಲಿ ಮೊದಲು ಮೂರನೇ ಒಂದು ಪಾಲು, ಆಮೇಲೆ ಅರ್ಧಪಾಲು ಕೊಟ್ಟರು. ಬದಲಿಗೆ ಪಟ್ಟಣದ ಹಕ್ಕುಗಳನ್ನು ಬರೆಸಿಕೊಂಡರು. ಪಶ್ಚಿಮ ಯುರೋಪಿನಲ್ಲಿ ಪಟ್ಟಣಿಗರಿಗೆ ಸಿಕ್ಕ ಅತಿ ಹಳೆಯ ಹಕ್ಕುಪತ್ರಗಳಲ್ಲಿ ಅದೊಂದು. ಆ ಹಣದಿಂದ ಎದ್ದ ಚರ್ಚಿನ ನೆಲಮಾಳಿಗೆ ಇವತ್ತಿಗೂ ಇದೆ. ಮುಚ್ಚಿಹೋಗಿದ್ದದ್ದು 1906ರಲ್ಲಿ ಮತ್ತೆ ಬೆಳಕಿಗೆ ಬಂತು.

ಒಳಗೆ ಹೋಗುವ ಮೊದಲು ಪಶ್ಚಿಮದ ಗೋಪುರದ ಎದುರು ನಿಂತು ತಲೆ ಎತ್ತಿ. ಸುಮಾರು 9 ಮೀಟರ್ ಅಗಲದ ಗುಂಡು ಕಿಟಕಿ, ಲಿ ರೊಂಡಿಯಾ, ಅಲ್ಲಿದೆ. ನಡುವಿನಿಂದ ಹೊರಗೆ ಕಲ್ಲಿನ ಕಡ್ಡಿಗಳು ಚಾಚಿಕೊಂಡಿರುವ ರಚನೆ ಹೊರಗಿನಿಂದ ಚೆನ್ನಾಗಿ ಕಾಣುತ್ತದೆ. ಗಾಜಿನ ಬಣ್ಣ ಒಳಗಿನಿಂದ ಮಾತ್ರ. ಪಶ್ಚಿಮಕ್ಕೆ ಮುಖಮಾಡಿರುವ ಕಾರಣ ಮಧ್ಯಾಹ್ನ ಮೂರರ ನಂತರ ಬಣ್ಣ ಏಳುತ್ತದೆ. ಬೆಳಿಗ್ಗೆ ಬಂದವರು ಗರ್ಭಗುಡಿಯ ಕಡೆಯ ಎತ್ತರದ ಸಪೂರ ಕಿಟಕಿಗಳನ್ನು ಮೊದಲು ನೋಡಲಿ, ಆಗ ಬೆಳಕು ಅಲ್ಲಿರುತ್ತದೆ. ಎರಡೂ ಬೇಕೆಂದರೆ ಬೆಳಿಗ್ಗೆ ಒಮ್ಮೆ, ಹೊರಡುವ ಮುಂಚೆ ಹತ್ತು ನಿಮಿಷ ಮತ್ತೊಮ್ಮೆ ಒಳಗೆ ಬನ್ನಿ. ಚರ್ಚಿಗೆ ಟಿಕೆಟ್ಟಿಲ್ಲ.

ಖಜಾನೆಯ ಮಾತು ಬೇರೆ. ಅದಕ್ಕೆ ಬೇರೆ ಸಮಯ, ಚರ್ಚು ತೆರೆದಿದ್ದರೂ ಅದು ಮುಚ್ಚಿರಬಹುದು. ಹ್ವೀಗೆ ಬಂದವರು ನಿರಾಶರಾಗುವುದು ಹೆಚ್ಚಾಗಿ ಇದರಿಂದಲೇ. ಆದ್ದರಿಂದ ಊರಿಗೆ ಬಂದ ಕೂಡಲೇ ಪಕ್ಕದ ಪ್ರವಾಸಿ ಕಚೇರಿಯಲ್ಲಿ ಖಜಾನೆಯ ಆ ದಿನದ ಸಮಯ ಕೇಳಿಕೊಂಡು, ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅಲ್ಲಿರುವ ನಾಲ್ಕು ಪವಿತ್ರ ಪೆಟ್ಟಿಗೆಗಳು. ಸಂತರ ಅಸ್ಥಿಗಳನ್ನು ಇಡಲು ಮಾಡಿದ, ಪುಟ್ಟ ಮನೆಯ ಆಕಾರದವು. ಸಂತ ಡೊಮಿಶಿಯನ್ ಮತ್ತು ಸಂತ ಮೆಂಗೋಲ್ಡರ ಪೆಟ್ಟಿಗೆಗಳು 12ನೇ ಶತಮಾನದ ಕೊನೆಯ ಭಾಗದವು, ಗೊಡ್‌ಫ್ರುವಾ ಎಂಬ ಹ್ವೀಯದೇ ಅಕ್ಕಸಾಲಿಗನ ಹೆಸರಿಗೆ ಸೇರಿದವು. ಸಂತ ಮಾರ್ಕ್ ಮತ್ತು ಮೇರಿ ಮಾತೆಯವು 13ನೇ ಶತಮಾನದವು.

ಮ್ಯೂಸ್ ಕಣಿವೆಯ ಲೋಹಗೆಲಸ ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದು ಇಂಥ ಪೆಟ್ಟಿಗೆಗಳಿಂದ. ಗಾಜಿನ ಆಚೆಯಿಂದ ಸುಮ್ಮನೆ ಮಿನುಗು ನೋಡಿ ಬರುವ ಬದಲು ಹೀಗೆ ನೋಡಿ. ಉಬ್ಬಿದ ಆಕೃತಿಗಳು ಎರಕದವಲ್ಲ. ತೆಳು ತಗಡನ್ನು ಮೇಣದಂಥ ರಾಳದ ಮೇಲೆ ಮಗುಚಿ ಇಟ್ಟು, ಹಿಂಬದಿಯಿಂದ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಿದವು. ಬಟ್ಟೆಯ ನೆರಿಗೆಗಳ ಅಂಚು ಮೊಂಡಾಗಿ ಮೃದುವಾಗಿರುವುದು ಅದರಿಂದ. ಬಣ್ಣದ ಪಟ್ಟಿಗಳು ಮೀನಾಕಾರಿ: ದಪ್ಪ ತಾಮ್ರದ ತಗಡಿನಲ್ಲಿ ಗುಳಿ ಕೊರೆದು, ಬಣ್ಣದ ಗಾಜಿನ ಪುಡಿಯನ್ನು ಒದ್ದೆಯಾಗಿ ತುಂಬಿ, ಗಾಜು ಕರಗುವಷ್ಟು ಕಾಯಿಸುತ್ತಾರೆ. ಗಾಜು ಕರಗಿದಾಗ ಕುಗ್ಗುವುದರಿಂದ ಮತ್ತೆ ತುಂಬಿ ಮತ್ತೆ ಕಾಯಿಸಬೇಕು. ಕೊನೆಗೆ ಕಲ್ಲಿನಲ್ಲಿ ಉಜ್ಜಿ ತಾಮ್ರ ಮತ್ತು ಗಾಜನ್ನು ಒಂದೇ ಮಟ್ಟಕ್ಕೆ ತಂದು, ಉಳಿದ ತಾಮ್ರಕ್ಕೆ ಚಿನ್ನದ ಲೇಪ ಕೊಡುತ್ತಾರೆ. ತಾಮ್ರ ಮತ್ತು ಗಾಜು ಬಿಸಿಗೆ ಒಂದೇ ಸಮ ಹಿಗ್ಗುವುದಿಲ್ಲ. ಶತಮಾನಗಳಲ್ಲಿ ತಗಡು ಬಾಗಿದರೆ ಗಾಜು ಚೂರಾಗಿ ಉದುರುತ್ತದೆ. ಅಲ್ಲಲ್ಲಿ ಬರಿಗುಳಿ ಕಂಡರೆ ಅದು ಹಾಗೆ ಉದುರಿದ ಜಾಗ.

ಹೊರಬಂದ ಮೇಲೆ ಚರ್ಚಿನ ಬದಿಯಲ್ಲಿ ಬೆತ್ಲೆಹೆಮ್ ಬಾಗಿಲನ್ನು ತಪ್ಪಿಸಬೇಡಿ. 14ನೇ ಶತಮಾನದ್ದು, ಬೀದಿಯಿಂದಲೇ ಕಾಣುತ್ತದೆ, ಯಾವಾಗ ಬೇಕಾದರೂ ನೋಡಬಹುದು. ಕ್ರಿಸ್ತಜನನ, ಪೂರ್ವದ ಜ್ಞಾನಿಗಳು, ಹೆರೋದ ರಾಜನ ಅಪ್ಪಣೆಯಿಂದ ನಡೆದ ಹಸುಳೆಗಳ ಕೊಲೆ, ಎಲ್ಲವನ್ನೂ ಕಮಾನಿನ ಕೆಳಗೆ ಕೆತ್ತಿದ್ದಾರೆ. ಇಂಥ ಸುಣ್ಣಕಲ್ಲಿನ ಕೆತ್ತನೆಯ ಮೇಲೆ ಕೆಲವು ಕಡೆ ಕಪ್ಪು ಹೊಪ್ಪಳೆ ಕಟ್ಟಿರುವುದನ್ನು ಬೆಲ್ಜಿಯಂನಲ್ಲೆಲ್ಲ ನೋಡುತ್ತೀರಿ. ಕಲ್ಲಿದ್ದಲ ಹೊಗೆಯ ಗಂಧಕ ಸುಣ್ಣಕಲ್ಲಿನ ಜೊತೆ ಸೇರಿ ಜಿಪ್ಸಮ್ ಆಗುತ್ತದೆ, ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಅದು ತೊಳೆದುಹೋಗುತ್ತದೆ, ಮರೆಯಲ್ಲಿ ಇರುವ ಕಡೆ ಕಪ್ಪಾಗಿ ನಿಲ್ಲುತ್ತದೆ. ಹೊಪ್ಪಳೆಯನ್ನು ಕೆರೆದು ತೆಗೆದರೆ ಅದರ ಜೊತೆ ಕೆತ್ತನೆಯ ಮೇಲ್ಪದರವೂ ಎದ್ದು ಬರುತ್ತದೆ. ಆದ್ದರಿಂದಲೇ ಸಂರಕ್ಷಕರು ಇಂಥ ಕಲ್ಲನ್ನು ನಿಧಾನವಾಗಿ, ಅಂಗುಲ ಅಂಗುಲವಾಗಿ ಸ್ವಚ್ಛ ಮಾಡುತ್ತಾರೆ. ಕೈಯಿಂದ ಮುಟ್ಟಬೇಡಿ.

ಚರ್ಚು, ನೆಲಮಾಳಿಗೆ, ಖಜಾನೆ, ಬಾಗಿಲು ಸೇರಿ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಪೂಜೆ ನಡೆಯುವಾಗ, ಮದುವೆ ಅಥವಾ ಶವಸಂಸ್ಕಾರದ ಹೊತ್ತಿನಲ್ಲಿ ಸುತ್ತಾಡುವಂತಿಲ್ಲ. ಭಾನುವಾರ ಬೆಳಿಗ್ಗೆ ಬರುವ ಯೋಜನೆ ಹಾಕದಿರುವುದು ಒಳ್ಳೆಯದು.

ಎರಡನೇ ಆಯ್ಕೆ: ಕೋಟೆ

ನೆಪೋಲಿಯನ್ ಸೋತ ಮೇಲೆ ಈ ಪ್ರದೇಶ ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿತು. ಫ್ರಾನ್ಸ್ ಮತ್ತೆ ಮೇಲೆ ಬೀಳದಂತೆ ಗಡಿಯುದ್ದಕ್ಕೂ ಕೋಟೆಗಳ ಸಾಲು ಎದ್ದಿತು. ಹ್ವೀಯ ಕೋಟೆ 1818ರಿಂದ 1823ರೊಳಗೆ ಕಟ್ಟಿದ್ದು. ದಿನಾಂ ಕೋಟೆಯೂ ಅದೇ ಕಾಲದ್ದು. ಹೀಗಾಗಿ ದಿನಾಂ ನೋಡಿ ಬಂದವರು ಇದೂ ಅದರಂತೆಯೇ ಎಂದುಕೊಳ್ಳುವುದು ಸಹಜ. ಗೋಡೆ ಒಂದೇ ಬಗೆಯವು ನಿಜ. ಕೇಬಲ್ ಕಾರಿನಲ್ಲಿ ಹತ್ತಿ ನದಿಯ ನೋಟ ನೋಡಿ ಫೋಟೊ ತೆಗೆಯುವುದಷ್ಟೇ ಬೇಕಿದ್ದರೆ ದಿನಾಂ ಸಾಕು, ಹ್ವೀ ಕೋಟೆ ಹತ್ತಬೇಕಿಲ್ಲ.

ಇಲ್ಲಿಗೆ ಬರಬೇಕಾದ ಕಾರಣ 1940ರಿಂದ 1944. ಜರ್ಮನ್ನರು ಈ ಕೋಟೆಯನ್ನು ಸೆರೆಮನೆ ಮಾಡಿಕೊಂಡರು. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಇಲ್ಲಿ ಕೂಡಿಹಾಕಿದರು. ಅನೇಕರನ್ನು ಇಲ್ಲಿಂದ ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಫ್ರಾನ್ಸಿನಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ನಾಗರಿಕರನ್ನೂ 1940ರ ಬೇಸಿಗೆಯಲ್ಲಿ ಕೆಲವು ವಾರ ಇಲ್ಲಿ ಇಟ್ಟಿದ್ದರು. ಅವರಲ್ಲಿ ನಮ್ಮಲ್ಲೂ ತುಂಬ ಓದುಗರಿರುವ ಪಿ.ಜಿ. ವುಡ್‌ಹೌಸ್ ಒಬ್ಬರು. ಕೈದಿಗಳ ಕೋಣೆಗಳು, ವಿಚಾರಣೆಯ ಕೋಣೆ, ಉದ್ದುದ್ದ ಕತ್ತಲ ಓಣಿಗಳು ಈಗ ವಸ್ತುಸಂಗ್ರಹಾಲಯ. ಪ್ರತಿರೋಧ ಹೋರಾಟ ಮತ್ತು ಸೆರೆಶಿಬಿರಗಳ ಬಗ್ಗೆ ದಾಖಲೆಗಳಿವೆ. ಚಿಕ್ಕ ಮಕ್ಕಳನ್ನು ಇಲ್ಲಿಗೆ ಕರೆತರದಿರುವುದು ವಾಸಿ. ಹೈಸ್ಕೂಲಿನ ಮಕ್ಕಳಿಗೆ ತೋರಿಸಲೇಬೇಕಾದ ಜಾಗ. ಪಾಠದಲ್ಲಿ ಓದಿದ ಯುದ್ಧ ಇಲ್ಲಿ ಒಂದು ಬಾಗಿಲು, ಒಂದು ಕಿಂಡಿ, ಒಂದು ಚಾವಡಿಯಾಗಿ ಎದುರು ನಿಲ್ಲುತ್ತದೆ.

ದಾರಿ ಹೀಗೆ: ಚರ್ಚಿನ ಬಳಿಯ ನದಿದಂಡೆಯಿಂದ ನಡಿಗೆಯ ಏರು, ಸಾಧಾರಣ ನಡೆಯುವವರಿಗೆ ಹತ್ತು-ಹದಿನೈದು ನಿಮಿಷ. ಮಳೆ ಬಿದ್ದಾಗ ಕಲ್ಲುಹಾಸು ಜಾರುತ್ತದೆ, ಚಪ್ಪಲಿ ಸಾಲದು. ಮಂಡಿನೋವಿರುವ ಹಿರಿಯರಿಗೆ, ಮಗುವಿನ ತಳ್ಳುಗಾಡಿಗೆ ಇದು ಆಗದ ಮಾತು. ನದಿಯ ಆಚೆಯಿಂದ ಕೋಟೆಗೆ ಬರುತ್ತಿದ್ದ ಕೇಬಲ್ ಕಾರ್ 2012ರ ಅಪಘಾತದ ನಂತರ ನಿಂತಿತು. ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ಅದರ ಚಿತ್ರವಿರುತ್ತದೆ. ಅದನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ, ಅದರ ಸದ್ಯದ ಸ್ಥಿತಿಯನ್ನು ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ. ಕೋಟೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಳಗಿನ ಓಣಿಗಳು ಜುಲೈನಲ್ಲೂ ತಣ್ಣಗೆ, ತೇವವಾಗಿ ಇರುತ್ತವೆ, ಒಂದು ಸ್ವೆಟರ್ ಇರಲಿ. ನೋಡಲು ಒಂದೂವರೆ ಗಂಟೆ ಬೇಕು, ಏರಿಳಿಯುವುದು ಸೇರಿ ಎರಡು. ಹತ್ತಿರವೇ ಅಣುಸ್ಥಾವರ ಇರುವ ಊರು, ಡ್ರೋನ್ ಅನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ.

ಚರ್ಚು ಮತ್ತು ಕೋಟೆಯ ನಡುವೆ ಒಂದನ್ನೇ ಆರಿಸಬೇಕಾದರೆ ಋತು ಮೊದಲು, ಕಾಲು ಆಮೇಲೆ, ಆಸಕ್ತಿ ಕೊನೆಗೆ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರಶ್ನೆಯೇ ಇಲ್ಲ, ಚರ್ಚು. ಬೇಸಿಗೆಯಲ್ಲಿ ಎರಡನ್ನೂ ಒಂದೇ ದಿನ ಮಾಡಬಹುದು, ಕೋಟೆಯನ್ನು ಬೆಳಿಗ್ಗೆಯ ತಂಪಿಗೆ ಹತ್ತಿ, ಇಳಿದು ಊಟ ಮಾಡಿ, ಮಧ್ಯಾಹ್ನ ಚರ್ಚಿಗೆ ಹೋದರೆ ಗುಂಡು ಕಿಟಕಿಯ ಬೆಳಕೂ ಸಿಗುತ್ತದೆ.

ಚೌಕದ ಕಾರಂಜಿ

ಗ್ರಾನ್-ಪ್ಲಾಸ್ ಎಂಬ ಮುಖ್ಯ ಚೌಕದ ನಡುವೆ ಲಿ ಬಸೀನಿಯಾ ಇದೆ. ಎದುರಿಗೆ 18ನೇ ಶತಮಾನದ ಪುರಸಭೆ ಕಟ್ಟಡ, ಸುತ್ತ ಕಾಫಿ ಅಂಗಡಿಗಳ ಕುರ್ಚಿಗಳು. ಟಿಕೆಟ್ಟೂ ಇಲ್ಲ, ಮುಚ್ಚುವ ಸಮಯವೂ ಇಲ್ಲ. ಹದಿನೈದು ನಿಮಿಷ ಸಾಕು, ಆದರೆ ಆ ಹದಿನೈದು ನಿಮಿಷವನ್ನು ಕುರ್ಚಿಯಲ್ಲಿ ಕೂತು ಕಳೆಯದೆ ಕಾರಂಜಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ.

ಕಂಚಿನ ಭಾಗ 1406ರದು. ಬೋಗುಣಿಯ ಸುತ್ತ ಪುಟ್ಟ ಗೋಪುರಗಳು, ನಡುನಡುವೆ ನಾಲ್ಕು ಚಿಕ್ಕ ಮೂರ್ತಿಗಳು: ಸಂತ ಕ್ಯಾಥರೀನ್, ಸಂತ ಮೆಂಗೋಲ್ಡ್, ಸಂತ ಡೊಮಿಶಿಯನ್, ನಾಲ್ಕನೆಯವನು ಹ್ವೀಯ ಕೊನೆಯ ಕೌಂಟ್ ಆನ್ಸ್‌ಫ್ರಿಡ್. ಈತ 985ರಲ್ಲಿ ತನ್ನ ಸೀಮೆಯನ್ನು ಲಿಯೇಜಿನ ಚರ್ಚಿಗೆ ಬಿಟ್ಟುಕೊಟ್ಟು, ಮುಂದೆ ಉಟ್ರೆಕ್ಟಿನ ಬಿಷಪ್ ಆದ. ಖಜಾನೆಯಲ್ಲಿ ಯಾರ ಪೆಟ್ಟಿಗೆ ನೋಡಿದಿರೋ ಅದೇ ಇಬ್ಬರು ಸಂತರು ಇಲ್ಲಿ ನೀರಿನ ಮೇಲೆ ನಿಂತಿದ್ದಾರೆ. ಹಾಗಾಗಿ ಕಾರಂಜಿಯನ್ನು ಖಜಾನೆಯ ನಂತರ ನೋಡಿದರೆ ಚೆಂದ. ಮೇಲಿನ ಕಬ್ಬಿಣದ ಕಟ್ಟು ಮತ್ತು ಎರಡು ತಲೆಯ ಹದ್ದು 18ನೇ ಶತಮಾನದ ಸೇರ್ಪಡೆ. ಕನ್ನಡಿಗರ ಕಣ್ಣಿಗೆ ಅದು ಥಟ್ಟನೆ ಗಂಡಭೇರುಂಡದಂತೆ ಕಾಣುತ್ತದೆ. ಸಂಬಂಧವೇನೂ ಇಲ್ಲ, ಅದು ಪವಿತ್ರ ರೋಮನ್ ಸಾಮ್ರಾಜ್ಯದ ಲಾಂಛನ, ಲಿಯೇಜ್ ಸೀಮೆ ಆ ಸಾಮ್ರಾಜ್ಯದ ಒಳಗಿತ್ತು.

ಕಂಚು ಹಿತ್ತಾಳೆಯ ಕೆಲಸ ಈ ಕಣಿವೆಯಲ್ಲಿ ಬೇರೂರಿದ್ದಕ್ಕೆ ಕಾರಣ ನೆಲ ಮತ್ತು ನದಿ. ಹಿತ್ತಾಳೆಗೆ ಬೇಕಾದ ಸತುವಿನ ಅದಿರು ಈ ಸೀಮೆಯಲ್ಲೇ ಸಿಗುತ್ತಿತ್ತು, ತಾಮ್ರ ಜರ್ಮನಿಯ ಗಣಿಗಳಿಂದ, ತವರ ಇಂಗ್ಲೆಂಡಿನಿಂದ ಬರುತ್ತಿತ್ತು. ಭಾರದ ಸರಕಿಗೆ ನದಿಯೇ ರಸ್ತೆ.

ಉಳಿದವು: ಹೊತ್ತಿದ್ದರೆ

ಮಳೆಯ ದಿನಕ್ಕೆ ಒಳ್ಳೆಯದು ಪುರಸಭೆಯ ವಸ್ತುಸಂಗ್ರಹಾಲಯ. ಫ್ರಾನ್ಸಿಸ್ಕನ್ ಸನ್ಯಾಸಿಗಳ 17ನೇ ಶತಮಾನದ ಮಠದಲ್ಲಿದೆ. ಕೆಂಪು ಇಟ್ಟಿಗೆಯ ನಡುವೆ ಬೂದುಗಲ್ಲಿನ ಪಟ್ಟಿ, ಕಲ್ಲಿನ ಶಿಲುಬೆ ಚೌಕಟ್ಟಿನ ಕಿಟಕಿ, ಇದು ಮ್ಯೂಸ್ ಕಣಿವೆಯ ಮನೆಗಳ ಗುರುತು. ಇಲ್ಲಿ ಒಮ್ಮೆ ಕಣ್ಣಿಗೆ ಹಿಡಿದರೆ ಊರಿನ ಉಳಿದ ಹಳೆಯ ಮನೆಗಳನ್ನು ನೀವೇ ಗುರುತಿಸುತ್ತೀರಿ. ಒಳಗೆ ನೋಡಲೇಬೇಕಾದದ್ದು ಹ್ವೀಯ ಸುಂದರ ದೇವರು ಎಂದು ಕರೆಯುವ 13ನೇ ಶತಮಾನದ ಮರದ ಕ್ರಿಸ್ತ. ಒಂದು ಗಂಟೆ ಸಾಕು. ಚೌಕದಿಂದ ಮಠಕ್ಕೆ ಹೋಗುವ ಇಕ್ಕಟ್ಟು ಓಣಿಗಳೂ ಊರಿನ ಚೆಲುವಾದ ಭಾಗ.

ಶಿಲುಬೆ ಯುದ್ಧದ ಪ್ರಚಾರಕ ಸನ್ಯಾಸಿ ಪೀಟರ್ ಸ್ಥಾಪಿಸಿದ ನ್ಯೂಫ್‌ಮುಸ್ತಿಯೇ ಮಠದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ದೊಡ್ಡದು. ಆತ 1115ರಲ್ಲಿ ತೀರಿಕೊಂಡದ್ದು ಇಲ್ಲೇ. ಆದರೆ ಈಗ ಉಳಿದಿರುವುದು ಮಠದ ತುಣುಕುಗಳು ಮತ್ತು 19ನೇ ಶತಮಾನದ ಒಂದು ಪ್ರತಿಮೆ. ಇತಿಹಾಸದ ವಿದ್ಯಾರ್ಥಿಗಳಲ್ಲದವರು ಬಿಡಬಹುದು. ನದಿಯ ಎಡದಂಡೆಯ ಮೇಸೊಂ ಬತ್ತಾ, 16ನೇ ಶತಮಾನದ ದೊಡ್ಡ ಮನೆ; ಅದನ್ನು ನಿಲ್ದಾಣಕ್ಕೆ ಹೋಗುವಾಗ ಹೊರಗಿನಿಂದ ನೋಡಿದರಾಯಿತು.

ಗುಡ್ಡದ ಗೋಡೆ

ಸೈಕಲ್ ರೇಸಿನ ಹುಚ್ಚಿರುವವರಿಗೆ ಹ್ವೀ ಅಂದರೆ ಮ್ಯೂರ್ ದ ಹ್ವೀ, ಗೋಡೆ. ಪ್ರತಿ ಏಪ್ರಿಲಿನಲ್ಲಿ ಫ್ಲೆಶ್ ವಲೋನ್ ರೇಸ್ ಮುಗಿಯುವುದು ಇದರ ತುದಿಯಲ್ಲಿ. ಉದ್ದ 1.3 ಕಿಲೋಮೀಟರ್, ಸರಾಸರಿ ಏರು ಶೇ. 9.6, ಒಂದು ತಿರುವಿನ ಒಳಬದಿಯಲ್ಲಿ ಶೇ. 26 ಮುಟ್ಟುತ್ತದೆ. ಅಂದರೆ ಒಟ್ಟು ಸುಮಾರು 125 ಮೀಟರ್ ಮೇಲೇರುತ್ತೀರಿ. ಇದನ್ನು ಪರಂಪರೆಯ ಈ ಬರಹಕ್ಕೆ ತರಲು ಕಾರಣ ರೇಸಲ್ಲ. ರಸ್ತೆಯ ಹಳೆಯ ಹೆಸರು ಚಾಪೆಲ್‌ಗಳ ದಾರಿ. ಉದ್ದಕ್ಕೂ ಪುಟ್ಟ ಪ್ರಾರ್ಥನಾ ಗುಡಿಗಳಿದ್ದು, ತುದಿಯಲ್ಲಿ ಸಾರ್ತ್ ಎಂಬ ಜಾಗದಲ್ಲಿ ಸಾರ್ತ್ ಮಾತೆಯ, ಅಂದರೆ ಮೇರಿಯ, ಚರ್ಚಿದೆ. 1656ರ ಬರಗಾಲದಲ್ಲಿ ಮಾತೆಯ ಮೂರ್ತಿಯನ್ನು ಕೆಳಗೆ ಊರಿನ ಚರ್ಚಿಗೆ ಹೊತ್ತು ತಂದರು. ಅಂದಿನಿಂದ ಏಳು ವರ್ಷಕ್ಕೊಮ್ಮೆ ಆಗಸ್ಟ್ ಮಧ್ಯದಲ್ಲಿ ಆ ಮೆರವಣಿಗೆ ನಡೆಯುತ್ತ ಬಂದಿದೆ. 1958ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಪಾದ್ರಿ ಡೊಮಿನಿಕ್ ಪಿರ್ ಇದ್ದದ್ದೂ ಸಾರ್ತ್‌ನ ಮಠದಲ್ಲಿ.

ನಡೆದು ಹತ್ತಲು ಇಪ್ಪತ್ತೈದರಿಂದ ಮೂವತ್ತು ನಿಮಿಷ. ಕೋಟೆ ಮತ್ತು ಇದು ಎರಡನ್ನೂ ಒಂದೇ ದಿನ ಇಟ್ಟುಕೊಂಡವರು ಖಜಾನೆಯ ಹೊತ್ತಿಗೆ ಕಾಲು ಸೋತು ನಿಂತಿರುತ್ತಾರೆ; ಎರಡರಲ್ಲಿ ಒಂದು ಮಾತ್ರ ಇರಲಿ. ಸೈಕಲ್‌ನಲ್ಲಿ ಹತ್ತುವವರು ತಿರುವಿನಲ್ಲಿ ಹೊರಬದಿ ಹಿಡಿಯಬೇಕು, ಒಳಬದಿಯಲ್ಲಿ ಕಡಿದಾದ ಏರು. ಇಳಿಯುವಾಗ ಬ್ರೇಕ್ ಕಾಯುತ್ತದೆ, ನಡುವೆ ನಿಲ್ಲಿಸಿ. ರೇಸಿನ ಬುಧವಾರ ಊರಿನ ರಸ್ತೆಗಳೆಲ್ಲ ಬಂದ್; ಕಟ್ಟಡ ನೋಡಲು ಬರುವವರು ಆ ದಿನ ಬಿಡಿ.

ಯಾರಿಗೆ ಯಾವುದು

ಅಪ್ಪ-ಅಮ್ಮ ಭಾರತದಿಂದ ಬಂದಿದ್ದು ಅವರನ್ನು ಕರೆದುಕೊಂಡು ಹೋಗುವುದಾದರೆ ಚರ್ಚು, ಚೌಕ, ನದಿದಂಡೆಯ ಬೆಂಚು. ಮೂರೂ ಸಮತಟ್ಟಿನಲ್ಲಿವೆ. ನೆಲಮಾಳಿಗೆಗೆ ಮೆಟ್ಟಿಲು ಇಳಿಯಬೇಕು, ಮೊದಲೇ ಹೇಳಿ. ಚಿತ್ರಕಲೆ, ಶಿಲ್ಪ ಅಥವಾ ಲೋಹಗೆಲಸದ ವಿದ್ಯಾರ್ಥಿಗಳು ಕೋಟೆಯನ್ನು ಬಿಟ್ಟು ಖಜಾನೆ ಮತ್ತು ವಸ್ತುಸಂಗ್ರಹಾಲಯಕ್ಕೆ ಇಡೀ ದಿನ ಕೊಡಲಿ. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಕೋಟೆ ಬೆಳಿಗ್ಗೆ, ಚೌಕದಲ್ಲಿ ಊಟ, ಚರ್ಚು ಮಧ್ಯಾಹ್ನ. ಒಬ್ಬರೇ ಬರುವ ಗಟ್ಟಿಕಾಲಿನವರು ಕೋಟೆಯ ಬದಲು ಚಾಪೆಲ್‌ಗಳ ದಾರಿ ಹತ್ತಿ, ಸಾರ್ತ್‌ನಿಂದ ಇಳಿದು ಚರ್ಚಿಗೆ ಬಂದರೆ ಮೂರ್ತಿ ಹೊತ್ತು ತರುವ ಹಳೆಯ ದಾರಿಯನ್ನೇ ನಡೆದಂತಾಗುತ್ತದೆ.

ಹೋಗುವುದು, ಬರುವುದು

ಲಿಯೇಜ್‌ನ ಗಿಲೆಮಾಂ ನಿಲ್ದಾಣ ಅಥವಾ ನಾಮ್ಯೂರಿನಿಂದ ರೈಲು ಇಪ್ಪತ್ತರಿಂದ ಮೂವತ್ತು ನಿಮಿಷ. ಲೂವೆನ್‌ನಿಂದ ಲಿಯೇಜ್‌ನಲ್ಲಿ ಬದಲಿಸಿ ಬಂದರೆ ಒಂದೂಕಾಲು ಗಂಟೆಯ ಆಸುಪಾಸು. ಫ್ಲಾಂಡರ್ಸ್‌ನ ನಿಲ್ದಾಣಗಳಲ್ಲಿ ಫಲಕ, ಘೋಷಣೆಗಳೆಲ್ಲ ಡಚ್ಚಿನಲ್ಲಿ: ಲಿಯೇಜ್ ಅಲ್ಲಿ ಲೌಕ್, ನಾಮ್ಯೂರ್ ಅಲ್ಲಿ ನಾಮೆನ್, ಹ್ವೀ ಅಲ್ಲಿ ಹೂಯ್. ಇದು ತಿಳಿಯದೆ ರೈಲು ತಪ್ಪಿಸಿಕೊಳ್ಳುವವರು ಬಹಳ. ಹ್ವೀ ನಿಲ್ದಾಣ ನದಿಯ ಎಡದಂಡೆಯಲ್ಲಿದೆ, ಹಳೆಯ ಊರು ಬಲದಂಡೆಯಲ್ಲಿ. ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ಬಸ್ಸೂ ಇದೆ, ಆದರೆ ಸೇತುವೆಯ ನೋಟಕ್ಕಾಗಿ ನಡೆಯಿರಿ. ಪ್ರವಾಸಿ ಕಚೇರಿ ಚರ್ಚಿನ ಪಕ್ಕ, ಕೋಟೆಯ ಬುಡದಲ್ಲಿ, ನಾಮ್ಯೂರ್ ದಂಡೆ ಎಂಬ ನದಿಬದಿಯ ರಸ್ತೆಯ ಹಳೆಯ ಔಲ್ತ್ರೆಮಾಂ ಆಶ್ರಮ ಕಟ್ಟಡದಲ್ಲಿದೆ.

ಬೆಲ್ಜಿಯಂನ ಅನೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ಬಾಗಿಲು ಹಾಕುವ ರೂಢಿಯೂ ಇದೆ. ಊಟವನ್ನು ಅದೇ ಹೊತ್ತಿಗೆ ಹೊಂದಿಸಿಕೊಳ್ಳಿ. ಒಂದೇ ಭೇಟಿಯಲ್ಲಿ ಆದಷ್ಟು ಬಾಗಿಲುಗಳು ತೆರೆದಿರಬೇಕೆಂದರೆ ಸೆಪ್ಟೆಂಬರಿನ ಪರಂಪರೆ ದಿನಗಳನ್ನು ಆರಿಸಿ. ಆ ವಾರಾಂತ್ಯ ವಲೋನಿಯಾದಲ್ಲೆಲ್ಲ ರಕ್ಷಿತ ಕಟ್ಟಡಗಳನ್ನು ಉಚಿತವಾಗಿ ತೋರಿಸುತ್ತಾರೆ, ಉಳಿದ ವರ್ಷವೆಲ್ಲ ಮುಚ್ಚಿರುವ ಕೆಲವು ಖಾಸಗಿ ಮನೆಗಳೂ ತೆರೆದುಕೊಳ್ಳುತ್ತವೆ. ಕಾರ್ಯಕ್ರಮ ಬೇಸಿಗೆಯಲ್ಲೇ ಪ್ರಕಟವಾಗುತ್ತದೆ. ಕೆಲವಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ಗೈಡ್‌ಗಳ ವಿವರಣೆ ಹೆಚ್ಚಾಗಿ ಫ್ರೆಂಚಿನಲ್ಲಿರುವುದರಿಂದ ಇಂಗ್ಲಿಷ್ ತಂಡ ಇದೆಯೇ ಎಂದು ನೋಂದಣಿಯ ಹೊತ್ತಿನಲ್ಲೇ ಕೇಳಿ.